ಪ್ಯಾರಲಲ್ ಹಾರ್ಡ್‌ವೇರ್ ಡಿಸೈನ್‌ನ ಸಾಫ್ಟ್‌ವೇರಲ್ಲಿ ಓಡ್ಸೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಫೈನಲ್ ಇಯರ್ ಪ್ರಾಜೆಕ್ಟ್ ಹಿಡ್ಕೊಂಡಿರೋ ಹುಡುಗ್ರು ಹುಡ್ಗೀರು, ಸಾಫ್ಟ್‌ವೇರ್ ಸಾಕಾಗಿ ಚಿಪ್ ಕಡೆ ಬರ್ಬೇಕು ಅಂತಿರೋರು, ಇವರೆಲ್ಲ ತಿರುಗಿ ತಿರುಗಿ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದಕ್ಕೆ ಒಂದು ಕಡೆ ಬರ್ದಿಟ್ರೆ ಲಿಂಕ್ ಕಳಿಸಿ ಸುಮ್ನಾಗ್ಬೋದು ಅಂತ ಬರೀತಿದೀನಿ. ವೆರಿಲಾಗ್ (ಚಿಪ್ ಡಿಸೈನನ್ನ ಕೋಡಾಗಿ ಬರೆಯೋ ಭಾಷೆ) ಒಂಚೂರು ನೋಡಿದ್ರೆ ಸಾಕು, ನೋಡಿಲ್ದೇ ಇದ್ರೂ ಅರ್ಧಕ್ಕರ್ಧ ಅರ್ಥ ಆಗತ್ತೆ.

ಪ್ರ: ಚಿಪ್ ಮಾಡೋಕೆ ಮುಂಚೆ ಸಾಫ್ಟ್‌ವೇರಲ್ಲಿ ಯಾಕೆ ಓಡಿಸ್ಬೇಕು?

ಚಿಪ್ಪಿಗೆ ಪ್ಯಾಚ್ ಹಾಕೋಕಾಗಲ್ಲ, ಅಷ್ಟೇ. ಆ್ಯಪಲ್ಲಿ ಬಗ್ ಬಂದ್ರೆ ರಾತ್ರಿ ಕೂತು ಸರಿ ಮಾಡಿ ಬೆಳಿಗ್ಗೆ ಅಪ್ಡೇಟ್ ಬಿಡ್ಬೋದು, ಚಿಪ್ ಫ್ಯಾಬಿಗೆ (ಚಿಪ್ ತಯಾರಿಸೋ ಫ್ಯಾಕ್ಟರಿಗೆ) ಹೋಗಿ ವಾಪಸ್ ಬರೋಕೇ ತಿಂಗಳುಗಟ್ಟಲೆ ಬೇಕು, ದುಡ್ಡೂ ಕೋಟಿಗಟ್ಟಲೆ. 1994ರಲ್ಲಿ ಇಂಟೆಲ್ ಪೆಂಟಿಯಮ್‌ನಲ್ಲಿ ಭಾಗಾಕಾರ ಮಾಡೋ ಸರ್ಕ್ಯೂಟಿನ ಟೇಬಲಲ್ಲಿ ಕೆಲವು ಎಂಟ್ರಿ ಬಿಟ್ಟುಹೋಗಿ ಅಪರೂಪಕ್ಕೊಂದು ಲೆಕ್ಕ ತಪ್ಪು ಬರ್ತಿತ್ತು, ಆ ಚಿಪ್‌ಗಳನ್ನ ಬದಲಾಯಿಸಿ ಕೊಡೋ ಲೆಕ್ಕಕ್ಕೆ ಕಂಪನಿ 47.5 ಕೋಟಿ ಡಾಲರ್ ತೆಗೆದಿಡ್ಬೇಕಾಯ್ತು. ಬೆಂಗಳೂರಲ್ಲಿ ವೆರಿಫಿಕೇಷನ್ ಇಂಜಿನಿಯರ್ ಕೆಲಸ ಅಷ್ಟೊಂದು ಇರೋದು ಈ ಭಯಕ್ಕೇ. 1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗಿಂದ ಶುರುವಾಗಿದ್ದು, ಈಗ ಔಟರ್ ರಿಂಗ್ ರೋಡ್ ಉದ್ದಕ್ಕೂ ಇದೇ ಕೆಲಸ ಮಾಡೋರು.

ಪ್ರ: ಚಿಪ್ಪಲ್ಲಿ ಎಲ್ಲಾ ಒಂದೇ ಸಲ ನಡೆಯತ್ತೆ, ನನ್ನ ಪ್ರೋಗ್ರಾಮ್ ಒಂದು ಲೈನ್ ಆದ್ಮೇಲೆ ಇನ್ನೊಂದು ಲೈನ್ ಓಡತ್ತೆ. ಮತ್ತೆ ಹೆಂಗೆ?

ಇಡೀ ವಿಷಯ ಇರೋದೇ ಇಲ್ಲಿ. ಸಿಮ್ಯುಲೇಟರ್, ಅಂದ್ರೆ ಡಿಸೈನನ್ನ ಓಡಿಸಿ ತೋರಿಸೋ ಸಾಫ್ಟ್‌ವೇರ್, ಅದರ ಹತ್ರ ಒಂದು ಸುಳ್ಳು ಗಡಿಯಾರ ಇರತ್ತೆ, ಜೊತೆಗೆ ಯಾವ ಟೈಮಲ್ಲಿ ಏನು ಆಗ್ಬೇಕು ಅನ್ನೋ ಒಂದು ಕ್ಯೂ ಇರತ್ತೆ. ಟೈಮ್ 10ರಲ್ಲಿ ಐವತ್ತು ಕೆಲಸ ಆಗ್ಬೇಕು ಅಂದ್ರೆ ಐವತ್ತನ್ನೂ ಒಂದೊಂದಾಗಿ ಮಾಡತ್ತೆ, ಆದ್ರೆ ಎಲ್ಲಾ ಮುಗಿಯೋವರ್ಗೂ ಗಡಿಯಾರ 10ರಲ್ಲೇ ನಿಂತಿರತ್ತೆ. ಒಂದು ಸಿಗ್ನಲ್ ಬದಲಾಗಿ ಅದ್ರಿಂದ ಇನ್ನೊಂದು ಬದಲಾದ್ರೆ ಅದೂ ಅದೇ ಟೈಮ್ 10ರಲ್ಲೇ ಇನ್ನೊಂದು ಸುತ್ತು. ವಿಎಚ್‌ಡಿಎಲ್ (ವೆರಿಲಾಗ್ ಥರದ್ದೇ ಇನ್ನೊಂದು ಭಾಷೆ) ಕಡೆಯವ್ರು ಆ ಸುತ್ತಿಗೆ ಡೆಲ್ಟಾ ಸೈಕಲ್ ಅಂತಾರೆ, ವೆರಿಲಾಗ್ ಕಡೆಯವ್ರೂ ರೂಢಿಯಲ್ಲಿ ಹಾಗೇ ಅಂತಾರೆ. ಇನ್ನು ಬದಲಾಗೋದು ಏನೂ ಉಳಿದಿಲ್ಲ ಅಂದಾಗ ಮಾತ್ರ ಗಡಿಯಾರ ಮುಂದಕ್ಕೆ.

ಆ ಐವತ್ತು ಕೆಲಸನ ಯಾವ ಆರ್ಡರಲ್ಲಿ ಮಾಡತ್ತೆ ಅಂತ ಕೇಳಿದ್ರೆ, ವೆರಿಲಾಗ್ ಸ್ಟ್ಯಾಂಡರ್ಡ್ ಅದಕ್ಕೆ ಗ್ಯಾರಂಟಿ ಕೊಡಲ್ಲ. ಒಂದೇ ಬಿಗಿನ್-ಎಂಡ್ ಒಳಗಿನ ಲೈನ್‌ಗಳು ಬರ್ದ ಆರ್ಡರಲ್ಲೇ ಓಡ್ತವೆ, ಬೇರೆ ಬೇರೆ ಆಲ್ವೇಸ್ ಬ್ಲಾಕ್‌ಗಳಲ್ಲಿ (ಸಿಗ್ನಲ್ ಬದಲಾದಾಗೆಲ್ಲ ಓಡೋ ಕೋಡಿನ ತುಂಡುಗಳು) ಯಾವುದು ಮೊದಲು ಅನ್ನೋದು ಸಿಮ್ಯುಲೇಟರ್ ಇಷ್ಟ. ಹಂಗಾಗಿ ಆರ್ಡರ್ ಏನೇ ಆದ್ರೂ ಉತ್ತರ ಒಂದೇ ಬರೋ ಹಾಗೆ ಡಿಸೈನ್ ಬರೆಯೋ ಜವಾಬ್ದಾರಿ ನಿಮ್ದು. ಕೆಳಗೆ ಬರೋ ಅರ್ಧ ಪ್ರಶ್ನೆಗಳು ಈ ಒಂದು ಮಾತು ಮರ್ತಿದ್ದಕ್ಕೆ ಹುಟ್ಟಿದವು.

ಪ್ರ: ಸಿಗ್ನಲ್ಲಿಗೆ ಬೆಲೆ ಕೊಡುವಾಗ = ಹಾಕ್ಬೇಕಾ <= ಹಾಕ್ಬೇಕಾ?

ಕ್ಲಾಕ್ (ಚಿಪ್ಪಿಗೆ ತಾಳ ಹಾಕೋ ಸಿಗ್ನಲ್, ಒಂದು ಬಡಿತ ಅಂದ್ರೆ ಒಂದು ಸೈಕಲ್) ಇರೋ ಬ್ಲಾಕಲ್ಲಿ <=, ಕ್ಲಾಕ್ ಇಲ್ದೇ ಇರೋ ಕಾಂಬಿನೇಷನಲ್ ಬ್ಲಾಕಲ್ಲಿ =. ಇಂಟರ್ವ್ಯೂಗೆ ಅಷ್ಟು ಬಾಯಿಪಾಠ ಮಾಡಿದ್ರೆ ನಡೆಯತ್ತೆ, ಯಾಕೆ ಅಂತ ಕೇಳಿದ್ರೆ ಮಾತ್ರ ಕಷ್ಟ, ಅದಕ್ಕೆ ಒಂದ್ಸಲ ಕೈಯಲ್ಲಿ ಲೆಕ್ಕ ಹಾಕಿ ನೋಡಿ.

ಎರಡು ರಿಜಿಸ್ಟರ್, ಎ-ಯಲ್ಲಿ 5 ಇದೆ, ಬಿ-ಯಲ್ಲಿ 9. ಎರಡು ಬೇರೆ ಬೇರೆ ಆಲ್ವೇಸ್ ಬ್ಲಾಕ್, ಎರಡಕ್ಕೂ ಒಂದೇ ಕ್ಲಾಕ್. ಒಂದ್ರಲ್ಲಿ ಎ = ಬಿ; ಅಂತಿದೆ, ಇನ್ನೊಂದ್ರಲ್ಲಿ ಬಿ = ಎ; ಅಂತಿದೆ. ಮೊದಲನೇದು ಮೊದಲು ಓಡಿದ್ರೆ ಎ 9 ಆಗತ್ತೆ, ಆಮೇಲೆ ಬಿ ಆ ಹೊಸ 9ನೇ ತಗೊಳತ್ತೆ, ಎರಡೂ 9. ಎರಡನೇದು ಮೊದಲು ಓಡಿದ್ರೆ ಎರಡೂ 5. ನಿಜವಾದ ಫ್ಲಿಪ್‌ಫ್ಲಾಪ್‌ಗಳಲ್ಲಿ (ಒಂದೊಂದು ಬಿಟ್ ನೆನಪಿಟ್ಕೊಳ್ಳೋ ಸರ್ಕ್ಯೂಟ್, ರಿಜಿಸ್ಟರ್ ಆಗಿರೋದು ಇವುಗಳಿಂದ್ಲೇ) ಏನಾಗತ್ತೆ? ಎರಡೂ ಅದಲುಬದಲು ಆಗ್ತವೆ, ಎ 9, ಬಿ 5. ಅಂದ್ರೆ ಸಿಮ್ಯುಲೇಟರ್ ಕೊಡ್ಬೋದಾದ ಎರಡು ಉತ್ತರದಲ್ಲಿ ಒಂದೂ ಸರಿಯಿಲ್ಲ. ಎ <= ಬಿ; ಮತ್ತೆ ಬಿ <= ಎ; ಅಂತ ಬರ್ದ್ರೆ ಸಿಮ್ಯುಲೇಟರ್ ಮೊದಲು ಎರಡೂ ಬಲಗಡೆ ಬೆಲೆಗಳನ್ನ ಓದಿ ಪಕ್ಕಕ್ಕಿಟ್ಕೊಂಡು, ಎಲ್ಲರೂ ಓದಿ ಮುಗಿಸಿದ್ಮೇಲೆ ಎಡಗಡೆಗೆ ಹಾಕತ್ತೆ, ಆಗ ಯಾರು ಮೊದಲು ಓಡಿದ್ರೂ 9 ಮತ್ತು 5.

ಪ್ರ: ನಾನೇ ಸಿ ಅಥವಾ ಪೈಥಾನಲ್ಲಿ ಸಿಮ್ಯುಲೇಟರ್ ಬರೀಬೋದಾ? ಎಐ ಆ್ಯಕ್ಸಲರೇಟರ್ ಪ್ರಾಜೆಕ್ಟ್ ಇದೆ.

ಬರೀಬೋದು, ಬರೀಲೇಬೇಕು ಅಂತೀನಿ, ಕಲಿಯೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಈಗ ಎಲ್ಲರೂ ಹಿಡಿಯೋ ಪ್ರಾಜೆಕ್ಟ್ ಸಿಸ್ಟಾಲಿಕ್ ಅರೇ, ಅಂದ್ರೆ ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಸಾಲು ಕಾಲಮ್ಮಲ್ಲಿ ಜೋಡಿಸಿದ ಸಣ್ಣ ಸಣ್ಣ ಸೆಲ್‌ಗಳು, ಗೂಗಲ್‌ನ ಮೊದಲನೇ ಟಿಪಿಯುನಲ್ಲಿ (ಅವರ ಎಐ ಚಿಪ್) 256 ಸಾಲು 256 ಕಾಲಮ್ ಇದ್ದಿದ್ದು, ನಿಮ್ದು 4ಕ್ಕೆ 4 ಇರ್ಲಿ. ಮೊದಲ ಮ್ಯಾಟ್ರಿಕ್ಸ್‌ನ ಸಂಖ್ಯೆಗಳು ಎಡಗಡೆಯಿಂದ ಒಳಗೆ ಬರ್ತವೆ, ಎರಡನೇದ್ದು ಮೇಲಿಂದ, ಒಂದೊಂದು ಸಾಲಿಗೂ ಒಂದೊಂದು ಕಾಲಮ್ಮಿಗೂ ಒಂದೊಂದು ಸೈಕಲ್ ತಡವಾಗಿ ಬಿಡ್ತೀವಿ, ಪ್ರತಿ ಸೆಲ್ಲೂ ಬಂದಿದ್ದನ್ನ ಗುಣಿಸಿ ತನ್ನ ಮೊತ್ತಕ್ಕೆ ಸೇರಿಸಿ, ಸಂಖ್ಯೆನ ಬಲಕ್ಕೂ ಕೆಳಕ್ಕೂ ದಾಟಿಸತ್ತೆ. 4ಕ್ಕೆ 4 ಅಂದ್ರೆ 10 ಸೈಕಲಲ್ಲಿ ಲೆಕ್ಕ ಮುಗೀಬೇಕು.

ಇದನ್ನ ಎರಡು ಫಾರ್ ಲೂಪ್ ಹಾಕಿ, ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಪ್ರತಿ ಸೆಲ್ಲನ್ನೂ ಅಲ್ಲೇ ಅಪ್ಡೇಟ್ ಮಾಡ್ತಾ ಹೋದ್ರೆ ಏನಾಗತ್ತೆ ಗೊತ್ತಾ, ಮೊದಲನೇ ಸೆಲ್ ಈಗಷ್ಟೇ ತಗೊಂಡ ಹೊಸ ಸಂಖ್ಯೆನ ಎರಡನೇದು ಅದೇ ಸೈಕಲಲ್ಲಿ ಓದತ್ತೆ, ಎರಡನೇದ್ರದ್ದು ಮೂರನೇದು, ಹಿಂಗೆ ನಾಲ್ಕು ಸೈಕಲಲ್ಲಿ ದಾಟ್ಬೇಕಾದ ಸಂಖ್ಯೆ ಒಂದೇ ಸೈಕಲಲ್ಲಿ ಇಡೀ ಸಾಲು ದಾಟ್ಬಿಡತ್ತೆ. ಮಜಾ ಏನಂದ್ರೆ ಉತ್ತರದ ಮ್ಯಾಟ್ರಿಕ್ಸಲ್ಲಿ ಕರ್ಣದಲ್ಲಿರೋ ನಾಲ್ಕು ಸಂಖ್ಯೆ ಸರಿ ಬರ್ತವೆ, ಯಾಕಂದ್ರೆ ಅಲ್ಲಿ ಸಾಲಿನ ತಡ ಮತ್ತು ಕಾಲಮ್ಮಿನ ತಡ ಎರಡೂ ಒಂದೇ, ಉಳಿದ ಹನ್ನೆರಡು ಜಾಗದಲ್ಲಿ ಸಂಬಂಧ ಇಲ್ದಿರೋ ಸಂಖ್ಯೆಗಳು ಜೋಡಿಯಾಗಿ ಗುಣಾಕಾರ ಆಗಿರ್ತವೆ. ಕರ್ಣ ಮಾತ್ರ ಸರಿ ಬಂದು ಮಿಕ್ಕಿದ್ದು ತಪ್ಪು ಬಂದ್ರೆ ಬೇರೆ ಏನೂ ಹುಡುಕ್ಬೇಡಿ, ಇದೇ.

ಇನ್ನೂ ಕೆಟ್ಟದ್ದು ಅಂದ್ರೆ ಲೂಪ್‌ನ ಉಲ್ಟಾ ಓಡಿಸಿದ್ರೆ, ಅಂದ್ರೆ ಕೆಳಗಿನ ಬಲಮೂಲೆಯಿಂದ ಶುರು ಮಾಡಿದ್ರೆ, ಉತ್ತರ ಪೂರ್ತಿ ಸರಿ ಬರತ್ತೆ! ಆಗ ಖುಷಿಯಾಗಿ ಸಬ್ಮಿಟ್ ಮಾಡ್ಬೇಡಿ, ಅದು ಅದೃಷ್ಟ, ನಾಳೆ ಎದುರು ದಿಕ್ಕಿನ ವೈರ್ ಒಂದು ಸೇರಿಸಿದ ತಕ್ಷಣ ಕೈ ಕೊಡತ್ತೆ. ಸರಿಯಾದ ದಾರಿ, ಪ್ರತಿ ಸೆಲ್ಲಿಗೂ ಎರಡು ಕಾಪಿ ಇಟ್ಕೊಳಿ, ಈಗಿಂದು ಒಂದು, ಮುಂದಿಂದು ಒಂದು. ಓದೋದೆಲ್ಲ ಈಗಿಂದ್ರಿಂದ, ಬರೆಯೋದೆಲ್ಲ ಮುಂದಿಂದಕ್ಕೆ, ಸೈಕಲ್ ಕೊನೇಲಿ ಎರಡನ್ನೂ ಅದಲುಬದಲು ಮಾಡಿ. ಮೇಲೆ ಹೇಳಿದ <= ಒಳಗೊಳಗೆ ಮಾಡೋದೂ ಇದನ್ನೇ. ಆಮೇಲೆ ಒಂದು ಟೆಸ್ಟ್ ಬರೀರಿ: ಪ್ರತಿ ಸೈಕಲಲ್ಲೂ ಸೆಲ್‌ಗಳನ್ನ ಬೇರೆ ಬೇರೆ ಆರ್ಡರಲ್ಲಿ ಶಫಲ್ ಮಾಡಿ ಓಡಿಸಿ, ಉತ್ತರ ಒಂದು ಬಿಟ್ಟೂ ಬದಲಾಗಬಾರ್ದು. ವೈವಾದಲ್ಲಿ ಈ ಟೆಸ್ಟ್ ತೋರಿಸಿದ್ರೆ ಎಕ್ಸ್ಟರ್ನಲ್ ಎಕ್ಸಾಮಿನರ್ ಮುಂದಿನ ಪ್ರಶ್ನೆ ಮೆತ್ತಗೆ ಕೇಳ್ತಾರೆ.

ಪ್ರ: ಸಿಮ್ಯುಲೇಷನ್ ಓಡ್ತಾನೇ ಇದೆ, ಟೈಮ್ ಮಾತ್ರ ಮುಂದಕ್ಕೆ ಹೋಗ್ತಿಲ್ಲ.

ಕಾಂಬಿನೇಷನಲ್ ಲೂಪ್ ಇದೆ. ಒಂದು ಸಿಗ್ನಲ್ ಸುತ್ತಿ ಬಂದು ತನ್ನನ್ನೇ ಉಲ್ಟಾ ಮಾಡ್ಕೊಳ್ತಿದೆ, ಡಿಲೇ ಸೊನ್ನೆ, ಅದಕ್ಕೆ ಆ ಟೈಮಲ್ಲಿ ಕೆಲಸ ಮುಗಿಯೋದೇ ಇಲ್ಲ, ಗಡಿಯಾರ ಅಲ್ಲೇ. ಕೆಲವು ಟೂಲ್ ಇಷ್ಟು ಸುತ್ತಾದ್ಮೇಲೂ ನಿಲ್ತಿಲ್ಲ ಅಂತ ಎರರ್ ಕೊಟ್ಟು ನಿಲ್ಸ್ತವೆ, ಕೆಲವು ಫ್ಯಾನ್ ಓಡಿಸ್ಕೊಂಡು ಸುಮ್ನೆ ಇರ್ತವೆ. ಟೆಸ್ಟ್‌ಬೆಂಚಲ್ಲಿ (ಡಿಸೈನಿಗೆ ಇನ್‌ಪುಟ್ ಕೊಟ್ಟು ಉತ್ತರ ನೋಡೋ ಕೋಡ್) ಡಿಲೇ ಇಲ್ದಿರೋ ಫಾರೆವರ್ ಲೂಪ್ ಇದ್ರೂ ಇದೇ ಕಥೆ.

ಪ್ರ: ವೇವ್‌ಫಾರ್ಮಲ್ಲಿ (ಟೈಮ್ ಜೊತೆ ಸಿಗ್ನಲ್ ಹೆಂಗೆ ಬದಲಾಯ್ತು ಅನ್ನೋ ಚಿತ್ರ) ಎಲ್ಲಾ ಕೆಂಪು ಕೆಂಪಾಗಿ ಎಕ್ಸ್ ಕಾಣ್ತಿದೆ.

ರೀಸೆಟ್ ಕೊಟ್ಟಿಲ್ಲ, ಅಂದ್ರೆ ರಿಜಿಸ್ಟರ್‌ಗಳಿಗೆ ಶುರುವಿನ ಬೆಲೆ ಹಾಕಿಲ್ಲ. ನೂರಕ್ಕೆ ತೊಂಬತ್ತು ಸಲ ಇಷ್ಟೇ. ವೆರಿಲಾಗಲ್ಲಿ 0, 1 ಜೊತೆಗೆ ಎಕ್ಸ್ ಅಂದ್ರೆ ಬೆಲೆ ಏನು ಅಂತ ಗೊತ್ತಿಲ್ಲ, ಝಡ್ ಅಂದ್ರೆ ವೈರನ್ನ ಯಾರೂ ಡ್ರೈವ್ ಮಾಡ್ತಿಲ್ಲ. ಆದ್ರೆ ಎಕ್ಸ್ ಕಾಣ್ತಿಲ್ಲ ಅಂದ ತಕ್ಷಣ ಎಲ್ಲಾ ಸರಿ ಇದೆ ಅನ್ಕೋಬೇಡಿ, ಇಫ್ ಕಂಡೀಷನಲ್ಲಿ ಎಕ್ಸ್ ಬಂದ್ರೆ ವೆರಿಲಾಗ್ ಸದ್ದಿಲ್ದೆ ಎಲ್ಸ್ ಕಡೆ ಹೋಗ್ಬಿಡತ್ತೆ, ಎಕ್ಸ್ ಅಲ್ಲೇ ಮಾಯ, ಸಿಲಿಕಾನಲ್ಲಿ ಅದೇ ಜಾಗದಲ್ಲಿ 1 ಇರ್ಬೋದು. ವೆರಿಲೇಟರ್ (ಒಂದು ಫ್ರೀ ಸಿಮ್ಯುಲೇಟರ್) ಬಳಸ್ತಿದ್ರೆ ಅದು ಮುಖ್ಯವಾಗಿ 0 ಮತ್ತೆ 1 ಎರಡರಲ್ಲೇ ಲೆಕ್ಕ ಮಾಡೋದು, ಅಲ್ಲಿ ಶುರುವಿನ ಬೆಲೆಗಳನ್ನ ರ‍್ಯಾಂಡಮ್ ಮಾಡೋ ಆಪ್ಷನ್ ಹಾಕಿ ನಾಲ್ಕಾರು ಸೀಡಲ್ಲಿ (ರ‍್ಯಾಂಡಮ್ ಬೆಲೆಗಳು ಯಾವುವು ಅಂತ ತೀರ್ಮಾನ ಮಾಡೋ ಶುರುವಿನ ನಂಬರ್) ಓಡಿಸಿದ್ರೆ ರೀಸೆಟ್ ಬಗ್ ಹೊರಗೆ ಬರ್ತವೆ.

ಪ್ರ: ಫ್ರೀಯಾಗಿ ಸಿಗೋ ಟೂಲ್ ಯಾವುದು?

ಶುರುವಿಗೆ ಐಕರಸ್ ವೆರಿಲಾಗ್, ವೇವ್‌ಫಾರ್ಮ್ ನೋಡೋಕೆ ಜಿಟಿಕೆವೇವ್. ವಿಎಚ್‌ಡಿಎಲ್ ಆದ್ರೆ ಜಿಎಚ್‌ಡಿಎಲ್. ಏನೂ ಇನ್ಸ್ಟಾಲ್ ಮಾಡೋಕೆ ಮನಸ್ಸಿಲ್ಲ ಅಂದ್ರೆ ಬ್ರೌಸರಲ್ಲೇ ಇಡಿಎ ಪ್ಲೇಗ್ರೌಂಡ್. ಡಿಸೈನ್ ದೊಡ್ಡದಾಗಿ ಐಕರಸ್ ಏದುಸಿರು ಬಿಡೋಕೆ ಶುರು ಮಾಡಿದ್ರೆ ವೆರಿಲೇಟರ್, ಅದು ನಿಮ್ಮ ವೆರಿಲಾಗನ್ನ ಸಿ++ಗೆ ತಿರುಗಿಸಿ ಕಂಪೈಲ್ ಮಾಡತ್ತೆ, ಪ್ರತಿ ಸಣ್ಣ ಬದಲಾವಣೆಗೂ ಕ್ಯೂ ನೋಡೋ ಬದ್ಲು ಯಾವುದನ್ನ ಯಾವ ಆರ್ಡರಲ್ಲಿ ಲೆಕ್ಕ ಮಾಡ್ಬೇಕು ಅಂತ ಆದಷ್ಟೂ ಮುಂಚೇನೇ ತೀರ್ಮಾನ ಮಾಡ್ಕೊಂಡಿರತ್ತೆ, ಅದರ ಸ್ಪೀಡಿಗೆ ಅದೇ ದೊಡ್ಡ ಕಾರಣ. ಮುಂಚೆ ಅದರಲ್ಲಿ ಡಿಲೇ ಬರೆಯೋಕಾಗ್ತಿರ್ಲಿಲ್ಲ, 2022ರ ವರ್ಷನ್ 5ರಿಂದ ಆಗತ್ತೆ. ಟೆಸ್ಟ್‌ಬೆಂಚ್ ಪೈಥಾನಲ್ಲಿ ಬೇಕು ಅಂದ್ರೆ ಕೋಕೋಟಿಬಿ. ಕಂಪನಿಗಳಲ್ಲಿ ಇರೋದು ಸಿನಾಪ್ಸಿಸ್, ಕೇಡೆನ್ಸ್, ಸೀಮೆನ್ಸ್ ಅವರ ಲೈಸೆನ್ಸ್ ಟೂಲ್‌ಗಳು, ಅವನ್ನ ಮನೇಲಿ ಕಲೀಬೇಕು ಅಂತ ಪೈರೇಟೆಡ್ ಕಾಪಿ ಹುಡುಕ್ಕೊಂಡು ಹೋಗ್ಬೇಡಿ, ಐಡಿಯಾ ಗೊತ್ತಿದ್ರೆ ಟೂಲಿನ ಬಟನ್ ಒಂದು ವಾರದಲ್ಲಿ ಕೈಗೆ ಹತ್ತತ್ತೆ.

ಪ್ರ: ಎಷ್ಟು ಸ್ಲೋ ಇರತ್ತೆ?

ಬೇಜಾರಾಗೋಷ್ಟು. 1 ಗಿಗಾಹರ್ಟ್ಸ್ ಚಿಪ್ಪು ಒಂದು ಸೆಕೆಂಡಲ್ಲಿ 100 ಕೋಟಿ ಸೈಕಲ್ ಓಡತ್ತೆ. ದೊಡ್ಡ ಎಸ್‌ಒಸಿಯ (ಇಡೀ ಸಿಸ್ಟಮ್ಮೇ ಒಳಗಿರೋ ಚಿಪ್) ಆರ್‌ಟಿಎಲ್ (ವೆರಿಲಾಗ್ ಥರದ ಭಾಷೆಯಲ್ಲಿ ಸೈಕಲ್ ಸೈಕಲಿಗೂ ಬರ್ದ ಡಿಸೈನ್) ಸಿಮ್ಯುಲೇಷನ್ ಸೆಕೆಂಡಿಗೆ ಸಾವಿರ ಸೈಕಲ್ ಓಡಿತು ಅನ್ಕೊಳಿ, ಆ ಒಂದು ಸೆಕೆಂಡಿಗೆ 10 ಲಕ್ಷ ಸೆಕೆಂಡ್ ಬೇಕು, ಅಂದ್ರೆ 11 ದಿನ ದಾಟತ್ತೆ. ಮಧ್ಯ ಕರೆಂಟ್ ಹೋದ್ರೆ ಮೊದಲಿಂದ, ಚೆಕ್‌ಪಾಯಿಂಟ್ ಸೇವ್ ಮಾಡಿದ್ರೆ ಬಚಾವ್. ಅದಕ್ಕೇ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡೋದನ್ನ ಯಾರೂ ದೊಡ್ಡ ಚಿಪ್ಪಿನ ಆರ್‌ಟಿಎಲ್ ಸಿಮ್ಯುಲೇಟರಲ್ಲಿ ಕೂತ್ಕೊಂಡು ನೋಡಲ್ಲ. ಅದಕ್ಕೆ ಪ್ಯಾಲೇಡಿಯಮ್, ಝೀಬು, ವೆಲೋಸ್ ಥರದ ಎಮ್ಯುಲೇಟರ್ ಮೆಷಿನ್ (ಡಿಸೈನನ್ನ ಹಾರ್ಡ್‌ವೇರ್ ಮೇಲೇ ಓಡ್ಸೋ ಯಂತ್ರಗಳು) ಇವೆ, ಅವು ಸೆಕೆಂಡಿಗೆ 10 ಲಕ್ಷ ಸೈಕಲ್ ಓಡಿಸಿದ್ರೆ ಅದೇ ಕೆಲಸ 17 ನಿಮಿಷಕ್ಕೆ ಮುಗಿಯತ್ತೆ. ಬೆಲೆ ಕೇಳೋಕೆ ಹೋಗ್ಬೇಡಿ.

ಪ್ರ: ನನ್ನ ಮೆಷಿನಲ್ಲಿ 16 ಕೋರ್ ಇದೆ, ಸಿಮ್ಯುಲೇಟರ್ ಒಂದೇ ಕೋರ್ ಬಳಸ್ತಿದೆ. ಡಿಸೈನೇ ಪ್ಯಾರಲಲ್ ಅಲ್ವಾ, ಹದಿನಾರು ಭಾಗ ಮಾಡಿ ಹಂಚಿದ್ರೆ ಹದಿನಾರು ಪಟ್ಟು ಆಗ್ಬೇಕಲ್ಲಾ?

ಎಲ್ಲರಿಗೂ ಹೊಳಿಯೋ ಯೋಚ್ನೆ. ಆದ್ರೆ ಹಾರ್ಡ್‌ವೇರಲ್ಲಿ ಎಲ್ಲಾ ಭಾಗಗಳೂ ಪ್ರತಿ ಕ್ಲಾಕಿಗೂ ಒಂದಕ್ಕೊಂದು ಮಾತಾಡ್ತವೆ, ಅದಕ್ಕೆ ಒಂದೊಂದು ಕೋರಲ್ಲಿ ಓಡೋ ಥ್ರೆಡ್‌ಗಳೂ ಪ್ರತಿ ಕ್ಲಾಕಿಗೂ ನಿಂತು ಒಬ್ಬರಿಗೊಬ್ಬರು ಕಾಯ್ಬೇಕು. ನಾಲ್ಕು ಬೈಕಲ್ಲಿ ನಂದಿ ಬೆಟ್ಟಕ್ಕೆ ಹೊರಟು ಪ್ರತಿ ಸಿಗ್ನಲ್ಲಲ್ಲೂ ಹಿಂದಿನೋರು ಬರೋವರ್ಗೂ ನಿಂತ್ರೆ ಗುಂಪಿನ ಸ್ಪೀಡು ಎಲ್ಲಕ್ಕಿಂತ ಡಬ್ಬಾ ಬೈಕಿನ ಸ್ಪೀಡೇ, ಮೇಲೆ ನಿಂತು ಹೊರಡೋ ಟೈಮು ಬೇರೆ.

ಲೆಕ್ಕ ಹಾಕಿ. ನಿಮ್ಮ ಡಿಸೈನ್‌ನ ಒಂದು ಸೈಕಲಿಗೆ ಒಂದು ಥ್ರೆಡ್ 1000 ನ್ಯಾನೋಸೆಕೆಂಡ್ ತಗೊಳತ್ತೆ ಅನ್ಕೊಳಿ. ನಾಲ್ಕು ಭಾಗ ಮಾಡಿದ್ರೆ ತಲಾ 250. ಕೋರಿಂದ ಕೋರಿಗೆ ಡೇಟಾ ದಾಟಿ ಎಲ್ಲರೂ ಬಂದ್ರು ಅಂತ ಖಾತ್ರಿ ಆಗೋಕೆ ಇನ್ನೊಂದು 300 ಹಿಡೀತು ಅಂದ್ರೆ ಒಟ್ಟು 550, ನಾಲ್ಕು ಕೋರ್ ಸುಟ್ಟು ಸಿಕ್ಕಿದ್ದು ಎರಡು ಪಟ್ಟೂ ಇಲ್ಲ. ಹದಿನಾರು ಭಾಗ ಮಾಡಿದ್ರೆ ಕೆಲಸ 62ಕ್ಕೆ ಇಳಿಯತ್ತೆ, ಕಾಯೋದು ಮಾತ್ರ ಹೆಚ್ಚಾಗತ್ತೆ. ಅದೇ ಡಿಸೈನ್ ದೊಡ್ಡದಿದ್ದು ಒಂದು ಸೈಕಲಿಗೆ ಒಂದು ಲಕ್ಷ ನ್ಯಾನೋಸೆಕೆಂಡ್ ಬೇಕು ಅಂದ್ರೆ ಆ 300 ಲೆಕ್ಕಕ್ಕೇ ಬರಲ್ಲ, ಆಗ ಥ್ರೆಡ್ ಹಾಕೋದ್ರಲ್ಲಿ ಅರ್ಥ ಇದೆ. ವೆರಿಲೇಟರಲ್ಲಿ 2018ರ ವರ್ಷನ್ 4ರಿಂದ ಮಲ್ಟಿ ಥ್ರೆಡ್ ಇದೆ, ಚಿಕ್ಕ ಡಿಸೈನಿಗೆ ಹಾಕಿದ್ರೆ ಸ್ಲೋ ಆಗೋದೂ ಉಂಟು, ಅಳೆದು ನೋಡ್ದೆ ಹಾಕ್ಬೇಡಿ.

ಪ್ರತಿ ಸೈಕಲಿಗೂ ಕಾಯ್ದೇ ಇರೋಕೆ ಹಳೇ ತಲೆಗಳು ಎರಡು ದಾರಿ ಕಂಡುಹಿಡಿದಿದ್ರು. ಒಂದು 1970ರ ದಶಕದ ಕೊನೇಲಿ ಬಂದ ಚಾಂಡಿ-ಮಿಶ್ರಾ-ಬ್ರಯಂಟ್ ಪದ್ಧತಿ, ಪಕ್ಕದವನಿಂದ ಈ ಟೈಮಿನವರೆಗೂ ಏನೂ ಬರಲ್ಲ ಅಂತ ಗ್ಯಾರಂಟಿ ಸಿಕ್ಕಿದಷ್ಟು ದೂರ ಮಾತ್ರ ಮುಂದೆ ಹೋಗೋದು. ಇನ್ನೊಂದು 1985ರಲ್ಲಿ ಜೆಫರ್ಸನ್ ಬರ್ದ ಟೈಮ್ ವಾರ್ಪ್, ಆಗಿದ್ದಾಗ್ಲಿ ಅಂತ ಮುಂದೆ ಓಡ್ಬಿಡೋದು, ಹಿಂದಿನ ಟೈಮಿನ ಮೆಸೇಜ್ ತಡವಾಗಿ ಬಂದ್ರೆ ಮಾಡಿದ್ದನ್ನೆಲ್ಲ ರದ್ದು ಮಾಡಿ ವಾಪಸ್ ಬರೋದು. ಭಾಗಗಳ ನಡುವೆ ನಿಜವಾಗ್ಲೂ ತಡ ಇರೋ ಕಡೆ, ಉದಾಹರಣೆಗೆ ನೆಟ್‌ವರ್ಕ್ ಲಿಂಕಿನ ಆಚೆ ಈಚೆ ಇರೋ ಎರಡು ಬೋರ್ಡ್, ಮೊದಲನೇದು ಚೆನ್ನಾಗಿ ಕೆಲಸ ಮಾಡತ್ತೆ. ಒಂದೇ ಚಿಪ್ಪಿನ ಒಳಗೆ ಒಂದೊಂದು ಸೈಕಲ್ ತಡ ಅಷ್ಟೇ ಇರೋದ್ರಿಂದ ಎರಡೂ ಅಷ್ಟಕ್ಕಷ್ಟೇ.

ಪ್ರ: ಹಂಗಾದ್ರೆ 16 ಕೋರ್ ಇಟ್ಕೊಂಡು ಏನ್ ಮಾಡ್ಲಿ?

ಹದಿನಾರು ಬೇರೆ ಬೇರೆ ಟೆಸ್ಟ್ ಒಟ್ಟಿಗೆ ಓಡಿಸಿ, ಒಂದೊಂದಕ್ಕೂ ಬೇರೆ ರ‍್ಯಾಂಡಮ್ ಸೀಡ್. ಯಾರೂ ಯಾರಿಗೂ ಕಾಯ್ಬೇಕಾಗಿಲ್ಲ, ರ‍್ಯಾಮ್ ಸಾಕಾದ್ರೆ ಹದಿನಾರರ ಹತ್ತಿರ ಹತ್ತಿರ ಲಾಭ ಸಿಗತ್ತೆ. ಕಂಪನಿಗಳಲ್ಲಿ ರಾತ್ರಿ ರಿಗ್ರೆಷನ್ ಅಂತ ಹಾಕಿ ಮನೆಗೆ ಹೋಗೋದು ಇದನ್ನೇ. ಸೀಡ್ ನಂಬರ್ ಮಾತ್ರ ಲಾಗಲ್ಲಿ ಪ್ರಿಂಟ್ ಮಾಡಿಡಿ, ಇಲ್ಲಾಂದ್ರೆ ಫೇಲ್ ಆದ ಟೆಸ್ಟನ್ನ ಮತ್ತೆ ಫೇಲ್ ಮಾಡ್ಸೋಕೆ ದೇವ್ರೇ ಬರ್ಬೇಕು.

ಪ್ರ: ಎಂಟು ಕೋರ್ ಪ್ರೊಸೆಸರ್ ಬಗ್ಗೆ ರಿಸರ್ಚ್ ಮಾಡ್ಬೇಕು, ಆರ್‌ಟಿಎಲ್ ಬರೀಲೇಬೇಕಾ?

ಬೇಡ. ನಿಮ್ಮ ಪ್ರಶ್ನೆ ಏನು ಅಂತ ಮೊದಲು ಒಂದು ವಾಕ್ಯದಲ್ಲಿ ಬರೀರಿ, ಆಮೇಲೆ ಲೆವೆಲ್ ಆರಿಸಿ. ಪ್ರೋಗ್ರಾಮ್ ಸರಿ ಓಡತ್ತಾ ಅನ್ನೋದಷ್ಟೇ ಬೇಕಿದ್ರೆ ಕ್ಯೂಇಎಂಯು ಅಥವಾ ಸ್ಪೈಕ್, ಅವುಕ್ಕೆ ಸೈಕಲ್ ಲೆಕ್ಕ ಬೇಕಾಗಿಲ್ಲ, ಜೋರಾಗಿ ಓಡ್ತವೆ. ಕ್ಯಾಶ್ (ಕೋರ್ ಪಕ್ಕದಲ್ಲಿರೋ ಚಿಕ್ಕ ಮೆಮೊರಿ) ಸೈಜ್ ಡಬಲ್ ಮಾಡಿದ್ರೆ ಏನಾಗತ್ತೆ ಅಂತಿದ್ರೆ ಜೆಮ್5, ಮಿಷಿಗನ್‌ನ ಎಂ5, ವಿಸ್ಕಾನ್ಸಿನ್‌ನ ಜೆಮ್ಸ್ ಎರಡೂ ಸೇರಿ ಆಗಿದ್ದು, 2011ರಲ್ಲಿ ಅದರ ಪೇಪರ್ ಬಂತು. ಜಿಪಿಯು ಆದ್ರೆ ಜಿಪಿಜಿಪಿಯು-ಸಿಮ್. ಇವೆಲ್ಲ ಮಾಡೆಲ್‌ಗಳು, ಇವು ಕೊಡೋ ಸೈಕಲ್ ಸಂಖ್ಯೆ ಅಂದಾಜು, ಎರಡು ಡಿಸೈನ್ ಹೋಲಿಸೋಕೆ ಸರಿ, ನಮ್ಮ ಚಿಪ್ಪು ಇಷ್ಟೇ ಸೈಕಲ್ ತಗೊಳತ್ತೆ ಅಂತ ಥೀಸಿಸಲ್ಲಿ ಬರೆಯೋಕಲ್ಲ. ಆ ಮಾತು ಹೇಳ್ಬೇಕಿದ್ರೆ ಆರ್‌ಟಿಎಲ್ ಬೇಕು, ಜೊತೆಗೆ ಬರ್ಕ್ಲಿಯ ಫೈರ್‌ಸಿಮ್ ಥರ ಅದನ್ನ ಎಫ್‌ಪಿಜಿಎ (ನಮಗೆ ಬೇಕಾದ ಸರ್ಕ್ಯೂಟ್ ತುಂಬಬಹುದಾದ ಚಿಪ್) ಮೇಲೆ ಓಡ್ಸೋ ದಾರಿ.

ಪ್ರ: ಮಲ್ಟಿಕೋರಲ್ಲಿ ಕ್ಯಾಶ್ ಕೊಹೆರೆನ್ಸ್ (ಎಲ್ಲಾ ಕೋರ್‌ಗಳಿಗೂ ಒಂದೇ ಬೆಲೆ ಕಾಣೋ ಹಾಗೆ ಕ್ಯಾಶ್‌ಗಳನ್ನ ಹೊಂದಿಸೋದು) ಬಗ್ ಸಿಮ್ಯುಲೇಷನಲ್ಲಿ ಸಿಗಲ್ಲ ಅಂತಾರೆ, ನಿಜಾನಾ?

ಸಿಗತ್ತೆ, ಆದ್ರೆ ತಾನಾಗೇ ಸಿಗಲ್ಲ. ಒಂದು ಕೋರ್ ಕ್ಯಾಶಿನ ಒಂದು ಲೈನ್ (ಮೆಮೊರಿಯ ಒಂದು ತುಂಡು) ಬರೆಯೋಕೆ ಕೇಳಿದ ಅದೇ ಸೈಕಲಲ್ಲಿ ಇನ್ನೊಂದು ಕೋರ್ ಅದೇ ಲೈನನ್ನ ಮೆಮೊರಿಗೆ ವಾಪಸ್ ಕಳಿಸ್ತಿರ್ಬೇಕು, ಮಧ್ಯದ ನೆಟ್‌ವರ್ಕಲ್ಲಿ ಮೆಸೇಜ್ ಒಂದು ಸ್ವಲ್ಪ ತಡ ಆಗ್ಬೇಕು, ಆಗ ಮಾತ್ರ ಬಗ್ ಏಳತ್ತೆ. ಸಿಮ್ಯುಲೇಟರ್ ಒಂದೇ ಸೀಡಿಗೆ ಒಂದೇ ಥರ ಓಡತ್ತೆ, ಸಾವಿರ ಸಲ ಓಡಿಸಿದ್ರೂ ಅದೇ ದಾರಿ. ಅದಕ್ಕೆ ಬೇಕಂತಲೇ ಜಗಳ ಹಚ್ಬೇಕು: ಎಂಟೂ ಕೋರ್ ನಾಲ್ಕೈದು ಅಡ್ರೆಸ್ ಮೇಲೇ ಮುಗಿಬೀಳೋ ಹಾಗೆ ಟೆಸ್ಟ್ ಬರೀರಿ, ಕ್ಯಾಶನ್ನ ತೀರಾ ಚಿಕ್ಕದು ಮಾಡಿ, ಮೆಸೇಜ್ ತಡಾನ ರ‍್ಯಾಂಡಮ್ ಮಾಡಿ. ಪ್ರೋಟೋಕಾಲ್ ಮಾತ್ರ ತಗೊಂಡು ಫಾರ್ಮಲ್ ಟೂಲಲ್ಲಿ (ಟೆಸ್ಟ್ ಓಡಿಸೋ ಬದ್ಲು ಗಣಿತದಿಂದ ಸಾಬೀತು ಮಾಡೋ ಟೂಲ್) ಪರೀಕ್ಷೆ ಮಾಡೋದು ಇನ್ನೂ ಒಳ್ಳೇದು.

ಪ್ರ: ಎಫ್‌ಪಿಜಿಎ ಬೋರ್ಡ್ ತಂದಿದೀನಿ, ನೇರ ಅದ್ರಲ್ಲೇ ಹಾಕಿ ನೋಡಿದ್ರಾಯ್ತಲ್ಲ?

ಬೋರ್ಡಲ್ಲಿ ಎಲ್‌ಇಡಿ ಹತ್ತಲಿಲ್ಲ ಅಂದ್ರೆ ಏನ್ ನೋಡ್ತೀರಾ? ಸಿಮ್ಯುಲೇಷನಲ್ಲಿ ಪ್ರತಿ ವೈರೂ ಕಾಣತ್ತೆ, ಬೋರ್ಡಲ್ಲಿ ನೀವು ಮುಂಚೇನೇ ಹೊರಗೆ ತಂದಿಟ್ಟಿದ್ದು ಮಾತ್ರ. ಸಿಮ್ಯುಲೇಷನ್ ಮೊದಲು.

ಪ್ರ: ಸಿಮ್ಯುಲೇಷನಲ್ಲಿ ಎಲ್ಲಾ ಪಾಸ್, ಬೋರ್ಡಲ್ಲಿ ಆಗಾಗ ತಪ್ಪು ಬರತ್ತೆ.

ಎರಡು ಕ್ಲಾಕ್ ಇದ್ಯಾ ನೋಡಿ. ಒಂದು ಕ್ಲಾಕಿನ ಸಿಗ್ನಲ್ಲನ್ನ ಇನ್ನೊಂದು ಕ್ಲಾಕಿನ ಫ್ಲಿಪ್‌ಫ್ಲಾಪ್ ಸರಿಯಾಗಿ ಬದಲಾಗೋ ಗಳಿಗೇಲಿ ಹಿಡಿದ್ರೆ ಅದು 0 ಅಥವಾ 1 ಅಂತ ನಿರ್ಧಾರ ಮಾಡೋಕೆ ತಡ ಮಾಡತ್ತೆ, ಮೆಟಾಸ್ಟೆಬಿಲಿಟಿ ಅಂತಾರಲ್ಲ ಅದು. ಆರ್‌ಟಿಎಲ್ ಸಿಮ್ಯುಲೇಟರಿಗೆ ಇದು ಗೊತ್ತೇ ಇಲ್ಲ, ಅದರ ಲೋಕದಲ್ಲಿ ಫ್ಲಿಪ್‌ಫ್ಲಾಪ್ ಯಾವಾಗ್ಲೂ ತಕ್ಷಣ ಒಂದು ಬೆಲೆಗೆ ಬರತ್ತೆ. ಒಂದೇ ಬಿಟ್ ದಾಟಿಸ್ತಿದ್ರೆ ಎರಡು ಫ್ಲಿಪ್‌ಫ್ಲಾಪ್ ಸಿಂಕ್ರೊನೈಸರ್ ಹಾಕಿ, ತುಂಬಾ ಬಿಟ್ ಇದ್ರೆ ಎರಡು ಕ್ಲಾಕಿನ ಫಿಫೊ (ಮೊದಲು ಬಂದಿದ್ದು ಮೊದಲು ಹೊರಗೆ ಹೋಗೋ ಕ್ಯೂ) ಹಾಕಿ. ಕ್ಲಾಕ್ ಒಂದೇ ಇದ್ರೆ ಟೈಮಿಂಗ್ ರಿಪೋರ್ಟ್ (ಸಿಗ್ನಲ್‌ಗಳು ಮುಂದಿನ ಕ್ಲಾಕಿನೊಳಗೆ ತಲುಪ್ತವಾ ಅಂತ ಟೂಲ್ ಕೊಡೋ ವರದಿ) ತೆಗೆದು ಓದಿ, ಬಹಳ ಜನ ಅದನ್ನ ತೆಗೆಯೋದೇ ಇಲ್ಲ.

ಪ್ರ: ನಮ್ಮೂರಲ್ಲಿ ಪ್ಯಾರಲಲ್ ಕಂಪ್ಯೂಟರ್ ಯಾರಾದ್ರೂ ಮಾಡಿದ್ರಾ?

ಮಾಡಿದ್ರು. 1986ರಲ್ಲೇ ಬೆಂಗಳೂರಿನ ಎನ್‌ಎಎಲ್‌ನಲ್ಲಿ (ವಿಮಾನ ಸಂಶೋಧನೆಯ ಸರ್ಕಾರಿ ಸಂಸ್ಥೆ) ಫ್ಲೋಸಾಲ್ವರ್ ಅಂತ ಕಟ್ಟಿದ್ರು, ಇಂಟೆಲ್ 8086 ಪ್ರೊಸೆಸರ್‌ಗಳನ್ನ ಜೋಡಿಸಿ, ಗಾಳಿ ಹರಿವಿನ ಲೆಕ್ಕ ಮಾಡೋಕೆ. ಪುಣೆಯ ಸಿ-ಡ್ಯಾಕ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯ ಪರಮ್ 8000 ಬಂದಿದ್ದು 1991ರಲ್ಲಿ, ಅದು ಟ್ರಾನ್ಸ್‌ಪ್ಯೂಟರ್ (ಪ್ಯಾರಲಲ್ ಕೆಲಸಕ್ಕೇ ಅಂತ ಮಾಡಿದ ಪ್ರೊಸೆಸರ್) ಚಿಪ್‌ಗಳ ಮೇಲೆ. ಅಮೆರಿಕದ ಕನೆಕ್ಷನ್ ಮೆಷಿನ್‌ನಲ್ಲಿ ಒಂದೊಂದು ಬಿಟ್ಟಿನ 65,536 ಪ್ರೊಸೆಸರ್ ಇದ್ವು, ಎಲ್ಲಾ ಒಂದೇ ಇನ್ಸ್ಟ್ರಕ್ಷನ್ ಓಡ್ಸೋದ್ರಿಂದ ಅದರ ಮಾಡೆಲನ್ನ ಪೈಥಾನ್ ನಂಪೈನಲ್ಲಿ ಬರೆಯೋದು ಸುಲಭ, ಅರೇಯ ಒಂದೊಂದು ಮನೆಗೂ ಒಂದು ಪ್ರೊಸೆಸರ್. ವೀಕೆಂಡ್ ಪ್ರಾಜೆಕ್ಟಿಗೆ ಒಳ್ಳೇ ವಿಷಯ.

ಪ್ರ: ಲ್ಯಾಪ್‌ಟಾಪ್ ಎಂಥದ್ದು ಬೇಕು? ಕೋರ್ಸ್ ಸೇರ್ಬೇಕಾ?

ಮೇಲೆ ಹೇಳಿದ ಫ್ರೀ ಟೂಲ್‌ಗಳಿಗೆ 8 ಜಿಬಿ ರ‍್ಯಾಮ್ ಇರೋ ಯಾವ ಲ್ಯಾಪ್‌ಟಾಪಾದ್ರೂ ಸಾಕು, ವಿಂಡೋಸ್ ಇದ್ರೆ ಡಬ್ಲ್ಯೂಎಸ್‌ಎಲ್ ಹಾಕ್ಕೊಳಿ. ರ‍್ಯಾಮ್ ಹಾಕಿಸೋದಿದ್ರೆ ಎಸ್‌ಪಿ ರೋಡಲ್ಲಿ ನಾಲ್ಕು ಅಂಗಡಿ ಕೇಳಿ ತಗೊಳಿ. ಕೋರ್ಸ್ ವಿಷಯ, ಲಕ್ಷ ಕೊಟ್ಟು ಸೇರೋಕೆ ಮುಂಚೆ ಮನೇಲಿ ಒಂದು ಫಿಫೊ ಬರ್ದು, ಅದಕ್ಕೆ ಟೆಸ್ಟ್‌ಬೆಂಚ್ ಬರ್ದು, ನೀವೇ ಒಂದು ಬಗ್ ಒಳಗೆ ಬಿಟ್ಟು ಟೆಸ್ಟ್‌ಬೆಂಚ್ ಹಿಡಿಯತ್ತಾ ನೋಡಿ. ಅದು ಮಜಾ ಅನ್ಸಿದ್ರೆ ಮಾತ್ರ ಈ ಫೀಲ್ಡು, ಪ್ಲೇಸ್‌ಮೆಂಟ್ ಗ್ಯಾರಂಟಿ ಅನ್ನೋ ಬೋರ್ಡ್ ನೋಡಿ ಅಲ್ಲ.

ಪ್ರ: ಎಷ್ಟು ಟೆಸ್ಟ್ ಮಾಡಿದ್ರೆ ಸಾಕು?

ಎಲ್ಲಾ ಇನ್‌ಪುಟ್ಟೂ ಹಾಕಿ ನೋಡ್ತೀನಿ ಅಂದ್ರೆ ಆಗಲ್ಲ. 32 ಬಿಟ್ಟಿನ ಎರಡು ಸಂಖ್ಯೆ ಕೂಡೋ ಸರ್ಕ್ಯೂಟಿಗೆ, ಸೆಕೆಂಡಿಗೆ 100 ಕೋಟಿ ಟೆಸ್ಟ್ ಓಡಿಸಿದ್ರೂ 580 ವರ್ಷ ದಾಟತ್ತೆ. ಅದಕ್ಕೆ ಕವರೇಜ್ ಅಳೀತಾರೆ: ಕೋಡಿನ ಪ್ರತಿ ಲೈನೂ ಓಡ್ತಾ, ಫಿಫೊ ತುಂಬಿದಾಗ್ಲೇ ಬರೆಯೋ ಪ್ರಯತ್ನ ಆಯ್ತಾ, ಖಾಲಿ ಇದ್ದಾಗ್ಲೇ ಓದೋ ಪ್ರಯತ್ನ ಆಯ್ತಾ, ಅದೇ ಗಳಿಗೇಲಿ ರೀಸೆಟ್ ಬಂತಾ, ಹಿಂಗೆ ಪಟ್ಟಿ ಮಾಡಿ ಒಂದೊಂದೇ ಟಿಕ್ ಹಾಕೋದು. ಪಟ್ಟೀಲಿ ಬರೆಯೋಕೆ ನಿಮಗೆ ಹೊಳೀದೇ ಇದ್ದಿದ್ದು 100% ಕವರೇಜಲ್ಲೂ ಕಾಣಲ್ಲ, ಅದಕ್ಕೆ ಪಟ್ಟೀನ ಡಿಸೈನ್ ಬರ್ದವರ ಕೈಲಿ ಬರೆಸ್ಬೇಡಿ, ಬೇರೆ ಯಾರಾದ್ರೂ ಬರೀಲಿ.

ಪ್ರ: ವೇವ್‌ಫಾರ್ಮ್ ಫೈಲ್ ಡಿಸ್ಕ್ ಪೂರ್ತಿ ತಿಂದ್ಬಿಡ್ತು.

ವಿಸಿಡಿ ಬಿಟ್ಟು ಎಫ್‌ಎಸ್‌ಟಿ ಫಾರ್ಮ್ಯಾಟಲ್ಲಿ ಡಂಪ್ ಮಾಡಿ, ಅದು ಕಂಪ್ರೆಸ್ ಆಗಿರತ್ತೆ, ಜಿಟಿಕೆವೇವ್ ಓದತ್ತೆ. ಇಡೀ ಡಿಸೈನ್ ಡಂಪ್ ಮಾಡ್ಬೇಡಿ, ಅನುಮಾನ ಇರೋ ಮಾಡ್ಯೂಲ್ ಮಾತ್ರ, ಅದೂ ಎರರ್ ಬರೋ ಟೈಮಿನ ಸ್ವಲ್ಪ ಮುಂಚಿಂದ. ಯಾವ ಟೈಮಲ್ಲಿ ಎರರ್ ಅಂತ ಮೊದಲು ಡಂಪ್ ಇಲ್ದೆ ಒಂದ್ಸಲ ಓಡಿಸಿ ತಿಳ್ಕೊಳಿ, ಆಮೇಲೆ ಅದೇ ಸೀಡ್ ಹಾಕಿ ಡಂಪ್ ಆನ್ ಮಾಡಿ ಮತ್ತೆ ಓಡಿಸಿ.